ಕಲ್ಕುಡನ ದಾರಿಯಲ್ಲಿ

ಸ್ಟೀಫನ್ ಕಿಂಗ್‌ನ ಭಯದ ಕಾದಂಬರಿಗಳನ್ನು ಓದಿದವರಿಗೆ ಒಂದು ಸುಖ ಗೊತ್ತಿರುತ್ತದೆ. 1975ರ ‘ಸೇಲಮ್ಸ್ ಲಾಟ್’ನಲ್ಲಿ ಸೋತು ಊರು ಬಿಟ್ಟ ಪಾದ್ರಿ ಕ್ಯಾಲಹನ್, 2003ರಲ್ಲಿ ಬೇರೊಂದು ಕಾದಂಬರಿಯೊಳಗೆ ತನ್ನ ಪಾಡು ಹೇಳಿಕೊಳ್ಳುತ್ತ ಎದುರಾಗುತ್ತಾನೆ. ಹೀಗೆ ಕಥೆಯಿಂದ ಕಥೆಗೆ ದಾಟುವವರ ಬೆನ್ನು ಹತ್ತುವ ಚಟ ನನಗೆ ಅಂಟಿದ್ದು ಮಾತ್ರ ತುಳುನಾಡಿನ ಪಾಡ್ದನಗಳಿಂದ, ಭೂತಗಳೆಂಬ ದೈವಗಳ ಕಥೆ ಹೇಳುವ ಹಾಡುಗಳಿಂದ.

ಬೆಳುವಾಯಿಯಲ್ಲಿ ನಿಂತರೆ ಈ ಚಟಕ್ಕೆ ಮೇವು ಸುತ್ತಲೂ ಇದೆ. ಒಂದು ಕಡೆ ಕಾರ್ಕಳ, ಇನ್ನೊಂದು ಕಡೆ ಮೂಡುಬಿದಿರೆ, ಅದರಾಚೆ ವೇಣೂರು. ಶಿಲ್ಪಿ ಕಲ್ಕುಡನ ಪಾಡ್ದನ ಅವನ ಹುಟ್ಟೂರೆಂದು ಹೇಳುವ ಮಾರ್ನಾಡೂ ಇಲ್ಲೇ ಹತ್ತಿರ. ಅಪ್ಪ ಶಂಭು ಕಲ್ಕುಡ ಗೊಮ್ಮಟನನ್ನು ಕಡೆಯಲು ಶ್ರವಣಬೆಳ್ಗೊಳಕ್ಕೆ ಹೋದವನು. ಮಗ ಬೀರ ಕಲ್ಕುಡ ಅಪ್ಪನನ್ನು ಹುಡುಕಿಕೊಂಡು ಹೋಗಿ, ಅವನ ಕೆಲಸದಲ್ಲೇ ಊನ ತೋರಿಸುತ್ತಾನೆ. ಅವಮಾನ ತಾಳದೆ ಅಪ್ಪ ಪ್ರಾಣ ಬಿಡುತ್ತಾನೆ. ಮಗ ಕಾರ್ಕಳಕ್ಕೆ ಬಂದು ಗೊಮ್ಮಟನನ್ನು ಕಡೆಯುತ್ತಾನೆ. ಮೂರ್ತಿಯನ್ನು ಮೆಚ್ಚಿದ ಭೈರವ ಅರಸ, ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಬೀರ ವೇಣೂರಿಗೆ ಹೋಗಿ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಈ ಸ್ಥಿತಿ ಕಂಡ ಮೇಲೆ ಇಬ್ಬರೂ ಮಾಯವಾಗಿ, ಭೂತಗಳಾಗಿ ಕಾರ್ಕಳದ ಮೇಲೆ ಎರಗಿ ಬೆಂಕಿ ಇಡುತ್ತಾರೆ. ಅವರು ಇಟ್ಟ ಬೆಂಕಿಗಿಂತ ನನ್ನನ್ನು ಹೆಚ್ಚು ನಡುಗಿಸುವುದು ಅರಸನ ಆ ಮೆಚ್ಚುಗೆ.

ಇತಿಹಾಸದ ಲೆಕ್ಕ ಬೇರೆ. ಬೆಳ್ಗೊಳದ ಮೂರ್ತಿ ಹತ್ತನೆಯ ಶತಮಾನದ್ದು, ಕಾರ್ಕಳದ್ದು 1432ರದ್ದು, ವೇಣೂರಿನದು 1604ರದ್ದು. ಆರು ಶತಮಾನಗಳನ್ನು ಪಾಡ್ದನ ಒಂದೇ ಮನೆಯ ಎರಡು ತಲೆಮಾರಿಗೆ ಇಳಿಸಿಬಿಟ್ಟಿದೆ. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಕಾರ್ಕಳದ ಶಾಸನ ಮೂರ್ತಿ ನಿಲ್ಲಿಸಿದ ವೀರಪಾಂಡ್ಯನನ್ನು ನೆನೆಯುತ್ತದೆ; ಉಳಿ ಹಿಡಿದವನನ್ನು ನೆನೆಯುವುದು ಪಾಡ್ದನ.

ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಬಂಟ್ವಾಳದ ಕಡೆ ಪಣೋಲಿಬೈಲಿಗೆ ಹೋದರೆ ಅದೇ ಕಲ್ಲುರ್ಟಿ, ಜನ ಕಷ್ಟ ಹೇಳಿಕೊಳ್ಳುವ ತಾಯಿ. ಎಷ್ಟೋ ಮನೆಗಳಲ್ಲಿ ಅವಳ ಜೊತೆಗೆ ಪಂಜುರ್ಲಿಗೂ ಪೂಜೆ. ಪಂಜುರ್ಲಿಯ ಕಥೆಯೋ ಪೂರ್ತಿ ಬೇರೆ: ಈಶ್ವರನ ತೋಟ ಹಾಳುಮಾಡಿ ಭೂಮಿಗಿಳಿದ ಹಂದಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಅದು ಅಣ್ಣಪ್ಪ ಪಂಜುರ್ಲಿ. ಒಂದು ಪಾಡ್ದನದ ನೊಂದ ತಂಗಿ, ಇನ್ನೊಂದು ಪಾಡ್ದನದ ಶಾಪಗ್ರಸ್ತ ಹಂದಿ ಒಂದೇ ಮನೆಯಲ್ಲಿ ನೆಲೆನಿಂತು ಆ ಮನೆಯನ್ನು ಕಾಯುತ್ತಾರೆ. ಯಾವ ಕಾದಂಬರಿಕಾರನೂ ತನ್ನ ಪಾತ್ರಗಳಿಗೆ ಇಷ್ಟು ಒಳ್ಳೆಯ ಮುಂದಿನ ಬದುಕು ಕೊಟ್ಟಿದ್ದನ್ನು ನಾನು ಕಂಡಿಲ್ಲ.

ವಿದ್ವಾಂಸ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದವು, ಆಮೇಲೆ ವಿವೇಕ ರೈ, ಅಮೃತ ಸೋಮೇಶ್ವರರಂಥವರ ದುಡಿಮೆಯಿದೆ. ಓದಿ, ಆದರೆ ಓದಿಗೇ ನಿಲ್ಲಬೇಡಿ. ಈಗ ಭೂತಕೋಲಕ್ಕೆ ಬರುವವರು ಹೆಚ್ಚಾಗಿ ಬೆನ್ನಿಗೆ ಅಣಿ ಏರಿ, ಕಾಲಿಗೆ ಗಗ್ಗರ ಕಟ್ಟಿದ ಮೇಲಿನ ಆರ್ಭಟಕ್ಕೆ ಬರುತ್ತಾರೆ. ಮುಖಕ್ಕೆ ಬಣ್ಣ ಹಚ್ಚುವ ಹೊತ್ತಿಗೇ ಬನ್ನಿ. ತೆಂಬರೆ ವಾದ್ಯದ ಸದ್ದಿಗೆ ಪಾಡ್ದನ ನಡೆಯುವುದು ಆಗ.