ತಂತಿ ಇಲ್ಲದೆ ಓಡಿದ ಕರೆಂಟ್ ರೈಲು

ನನಗೆ ರೈಲೆಂದರೆ ಪ್ರಾಣ. ನಮ್ಮ ಮನೆಯಲ್ಲಿ ರಾತ್ರಿ ಮಲಗಿದ ಮೇಲೆ ಅಜ್ಜಂಪುರ ಕಡೆಯಿಂದ ಗೂಡ್ಸ್ ಬರುವ ಸದ್ದು ಕೇಳುತ್ತದೆ. ನಾನು ಚಿಕ್ಕವನಿದ್ದಾಗ ಬರೀ ಡೀಸೆಲ್ ಎಂಜಿನುಗಳೇ ಹೋಗುತ್ತಿದ್ದವು. ಆಮೇಲೆ ಹಳಿ ಪಕ್ಕ ಕಂಬ ನೆಟ್ಟು ತಂತಿ ಎಳೆದರು. ಈಗ ಕರೆಂಟ್ ಎಂಜಿನುಗಳು ಓಡಾಡುತ್ತವೆ. ಹೊಗೆ ಇಲ್ಲ, ಸದ್ದೂ ಕಡಿಮೆ.

ದಸರಾ ರಜೆಗೆ ನಾನು ಕಡೂರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪನ ಮಗ ಅಣ್ಣನ ಹತ್ತಿರ ಕಂಪ್ಯೂಟರ್ ಇದೆ. ಅದರಲ್ಲಿ ಓಪನ್ ರೈಲ್ಸ್ ಎಂಬ ರೈಲು ಓಡಿಸುವ ಆಟ ಇದೆ. ದುಡ್ಡು ಕೊಡಬೇಕಾಗಿಲ್ಲ. ನಮ್ಮ ಕಡೂರು, ಬೀರೂರು ಮಾರ್ಗ ಅಣ್ಣನ ಹತ್ತಿರ ಇರಲಿಲ್ಲ. ಬೇರೆ ಯಾವುದೋ ಊರಿನ ಮಾರ್ಗದಲ್ಲಿ ನಮ್ಮ ದೇಶದ ಡಬ್ಲ್ಯು.ಎ.ಪಿ.-7 ಎಂಜಿನ್ ಹಾಕಿ ಕೊಟ್ಟ. ಪಿ ಅಕ್ಷರ ಒತ್ತಿದರೆ ಎಂಜಿನ್ ತಲೆಯ ಮೇಲಿನ ಪ್ಯಾಂಟೋಗ್ರಾಫ್ ಏಳುತ್ತದೆ. ನಾನು ಒತ್ತಿದೆ, ಎದ್ದಿತು. ರೈಲು ಜೋರಾಗಿ ಓಡಿತು. ಅರ್ಧ ಗಂಟೆ ಓಡಿಸಿದ ಮೇಲೆ ಹೊರಗಿನಿಂದ ನೋಡಿದೆ. ಮೇಲೆ ತಂತಿಯೇ ಇಲ್ಲ! ಕಂಬವೂ ಇಲ್ಲ. ಪ್ಯಾಂಟೋಗ್ರಾಫ್ ಗಾಳಿಯಲ್ಲಿ ನಿಂತಿದೆ, ರೈಲು ಮಾತ್ರ ಓಡುತ್ತಿದೆ.

“ಅಣ್ಣಾ, ಕರೆಂಟ್ ಎಲ್ಲಿಂದ ಬರ್ತಿದೆ?” ಅಂದೆ. ಅವನು ನಕ್ಕ. ತಂತಿ ಇಲ್ಲದ ಮಾರ್ಗದಲ್ಲೂ ಕರೆಂಟ್ ಎಂಜಿನ್ ಓಡಲಿ ಎಂದು ಆಟದಲ್ಲಿ ಒಂದು ಕಡೆ ಟಿಕ್ ಹಾಕಬಹುದಂತೆ. ಅವನು ಹಾಕಿಟ್ಟಿದ್ದ. ಟಿಕ್ ತೆಗೆದು ಮತ್ತೆ ಶುರು ಮಾಡಿದೆವು. ಏನು ಒತ್ತಿದರೂ ಎಂಜಿನ್ ಅಲ್ಲಾಡಲಿಲ್ಲ. ನನಗೆ ಬೇಜಾರಾಗಲಿಲ್ಲ, ಇದೇ ಸರಿ ಅನ್ನಿಸಿತು.

ಆಮೇಲೆ ಅಣ್ಣ ಆ ಮಾರ್ಗದ ಫೈಲ್ ತೆರೆದು ತೋರಿಸಿದ. ಅದರಲ್ಲಿ ಈ ದಾರಿಗೆ ಕರೆಂಟ್ ಇದೆಯೋ ಇಲ್ಲವೋ, ಎಷ್ಟು ವೋಲ್ಟು, ತಂತಿ ಎಷ್ಟು ಎತ್ತರ ಎಂದು ಬರೆದಿರುತ್ತದೆ. ನಮ್ಮ ಕಡೂರಿನ ತಂತಿ 25,000 ವೋಲ್ಟಿನ ಎ.ಸಿ. ಬೆಂಗಳೂರಿನ ನಮ್ಮ ಮೆಟ್ರೋಗೆ ಮೇಲೆ ತಂತಿ ಇಲ್ಲ. 2011ರಲ್ಲಿ ಶುರುವಾದಾಗಿನಿಂದ ಅದು ಹಳಿ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿ.ಸಿ. ತೆಗೆದುಕೊಳ್ಳುತ್ತದೆ. ನಮ್ಮ ದೇಶದ ಮೊದಲ ಕರೆಂಟ್ ರೈಲು ಮುಂಬೈಯಲ್ಲಿ 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹೋಯಿತು. ಅದು 1500 ವೋಲ್ಟ್ ಡಿ.ಸಿ. ಮುಂಬೈನವರು ಅದನ್ನು ಸ್ವಲ್ಪ ಸ್ವಲ್ಪವಾಗಿ 25,000ಕ್ಕೆ ಬದಲಾಯಿಸುತ್ತಾ 2016ರಲ್ಲಿ ಮುಗಿಸಿದರು. ನಡುವೆ ಎರಡರಲ್ಲೂ ಓಡುವ ಎಂಜಿನ್ ಬೇಕಾಯಿತು. ಅದರ ಹೆಸರು ಡಬ್ಲ್ಯು.ಸಿ.ಎ.ಎಂ. ಸಿ ಎಂದರೆ ಡಿ.ಸಿ., ಎ ಎಂದರೆ ಎ.ಸಿ. ಎಂಜಿನಿನ ಹೆಸರಲ್ಲೇ ಎಲ್ಲಾ ಬರೆದಿರುತ್ತದೆ, ಸ್ಟೇಷನ್ನಿಗೆ ಹೋದಾಗ ಓದಿ ನೋಡಿ.

ಯಾಕೆ ಬದಲಾಯಿಸಬೇಕಿತ್ತು ಅಂತ ಕೇಳಿದ್ದಕ್ಕೆ ಅಣ್ಣ, “ನಿಮ್ಮ ತೋಟದ ಮೋಟಾರು ಯಾಕೆ ನೀರೆತ್ತಲ್ಲ ಹೇಳು ನೋಡೋಣ” ಅಂದ. ನಮ್ಮ ಬೋರ್‌ವೆಲ್ ಲೈನಿನ ಕೊನೆಯಲ್ಲಿದೆ. ಟಿ.ಸಿ. ಹತ್ತಿರದವರಿಗೆಲ್ಲ ನೀರು ಬರುತ್ತದೆ, ನಮ್ಮದು ಗುಂಯ್ ಅಂದು ನಿಲ್ಲುತ್ತದೆ. ದೂರ ಹೋದಷ್ಟೂ ವೋಲ್ಟೇಜು ತಂತಿಯಲ್ಲೇ ಕಳೆದುಹೋಗುತ್ತದೆ. ಹರಿಯುವ ಆಂಪಿಯರ್ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಹೋಗುತ್ತದೆ.

ಇದನ್ನು ನಾನು ಲೆಕ್ಕ ಮಾಡಿ ನೋಡಿದೆ. ಆ ಎಂಜಿನಿನ ಶಕ್ತಿ ಆರು ಸಾವಿರ ಎಚ್.ಪಿ.ಗಿಂತ ಸ್ವಲ್ಪ ಜಾಸ್ತಿ. ನಮ್ಮ ಮೋಟಾರು ಐದು ಎಚ್.ಪಿ. ಅಂಥಾ 1200 ಮೋಟಾರು ಒಂದೇ ಸಲ ಹಾಕಿದ ಹಾಗೆ! ವಾಟ್ ಲೆಕ್ಕದಲ್ಲಿ ಸುಮಾರು 45 ಲಕ್ಷ. ಅದನ್ನು 25,000ದಿಂದ ಭಾಗಿಸಿದರೆ 180 ಆಂಪಿಯರ್. 1500ರಿಂದ ಭಾಗಿಸಿದರೆ 3000 ಆಂಪಿಯರ್! ಅದಕ್ಕೇ ಡಿ.ಸಿ. ದಾರಿಗೆ ತಂತಿ ದಪ್ಪ ಬೇಕು, ಕೆಲವೇ ಕಿಲೋಮೀಟರಿಗೆ ಒಂದೊಂದು ಸಬ್‌ಸ್ಟೇಷನ್ ಬೇಕು. ನಮ್ಮ ದಾರಿಗೆ ಅಷ್ಟು ಹತ್ತಿರ ಹತ್ತಿರ ಬೇಡ. ಈ ಲೆಕ್ಕವನ್ನು ಗಣಿತದ ಮೇಷ್ಟ್ರಿಗೆ ತೋರಿಸಿದೆ. ಸರಿ ಇದೆ ಅಂದರು, ಆದರೆ ಹೋಂವರ್ಕ್ ಎಲ್ಲಿ ಅಂತಲೂ ಕೇಳಿದರು.

ಊರಿಗೆ ಹೊರಡುವ ಹಿಂದಿನ ದಿನ ನಾವು ತಂತಿ ಇರುವ ಒಂದು ಮಾರ್ಗ ಹಾಕಿ ತಮಾಷೆ ಮಾಡಿದೆವು. ಫೈಲಿನಲ್ಲಿ ತಂತಿಯ ಎತ್ತರ ಅಳಿಸಿ ಮೂರು ಮೀಟರ್ ಅಂತ ಬರೆದೆ. ತಂತಿ ಕೆಳಗಿಳಿದು ಎಂಜಿನಿನ ಒಳಗೇ ತೂರಿಕೊಂಡು ಹೋಗುತ್ತಿತ್ತು. ಕಿಡಿ ಇಲ್ಲ, ಬೆಂಕಿ ಇಲ್ಲ, ರೈಲು ಓಡುತ್ತಲೇ ಇತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಿಜವಾದ್ದು ಎಷ್ಟು ಎತ್ತರ ಅಂತ ಕೇಳಿದೆ. ಗೇಟಿನ ಹತ್ತಿರ ಐದೂವರೆ ಮೀಟರ್ ಆದರೂ ಇರಬೇಕು, ಅಂದರೆ ಹದಿನೆಂಟು ಅಡಿ ಅಂದ.

ದೀಪಾವಳಿ ಆದ ಮೇಲೆ ಒಂದು ಭಾನುವಾರ ಅಡಿಕೆ ಕೊಯ್ಲಿಗೆ ತರೀಕೆರೆ ಹತ್ತಿರದ ಮಾವನ ಊರಿಗೆ ಹೋದೆ. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು ದಾರಿ ಮಾವನ ತೋಟದ ನಡುವೆ ಹಾದುಹೋಗಿದೆ. ಈ ಕಡೆ ಅರ್ಧ ಎಕರೆ, ಗೇಟು ದಾಟಿದರೆ ಆ ಕಡೆ ಉಳಿದದ್ದು. ಮಾವ ಈ ವರ್ಷ ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ. ಬಿದಿರಿನ ದೋಟಿಗಿಂತ ಬಹಳ ಹಗುರ, ನಾನೇ ಎತ್ತಬಹುದು. ಈ ಕಡೆ ಕೊಯ್ಲು ಮುಗಿಯಿತು. ಮತ್ತೆ ಮಡಿಸಿ ಬಿಚ್ಚುವುದು ಯಾಕೆ ಅಂತ ಹಾಗೇ ಮೂವತ್ತು ಅಡಿ ಉದ್ದ ಬಿಟ್ಟು, “ನಾನು ತರ್ತೀನಿ ಮಾವ” ಅಂದೆ. ಜಾತ್ರೆಯಲ್ಲಿ ನಂದಿಕೋಲು ಹಿಡಿದ ಹಾಗೆ ನೆಟ್ಟಗೆ ಹಿಡಿದುಕೊಂಡು ಮುಂದೆ ಹೊರಟೆ. ಮಾವ ಗೊನೆ ಹೊತ್ತುಕೊಂಡು ಹಿಂದೆ ಬರುತ್ತಿದ್ದರು.

ಗೇಟಿನ ಮೊದಲು ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಚೌಕಟ್ಟು ಇದೆಯಲ್ಲ, ಹುಲ್ಲಿನ ಟ್ರ್ಯಾಕ್ಟರು ತಾಗುವುದು, ಅದರ ಮೇಲೆ 4.67 ಮೀಟರ್ ಎಂದು ಬರೆದಿತ್ತು. ದೋಟಿ ಅದರ ಕೆಳಗೆ ಹೋಗುವುದಿಲ್ಲ ಅಂತ ನಾನು ಪಕ್ಕದ ಕಾಲುದಾರಿಗೆ ಇಳಿದೆ. ನಾಲ್ಕು ಹೆಜ್ಜೆ ಹಾಕಿದ್ದೆ ಅಷ್ಟೆ. 4.67 ಎಂಬ ನಂಬರು ನೋಡಿದ್ದಕ್ಕೋ ಏನೋ, ಆಟದ ಫೈಲಿನಲ್ಲಿ ಮೂರು ಎಂದು ಬರೆದದ್ದು ನೆನಪಾಯಿತು. ಹದಿನೆಂಟು ಅಡಿ. ನನ್ನ ಕೈಲಿ ಮೂವತ್ತು. ಕಾಲು ಅಲ್ಲೇ ನಿಂತುಬಿಟ್ಟಿತು. ದೋಟಿಯ ತುದಿ ಗಾಳಿಗೆ ತೂಗಾಡುತ್ತಿತ್ತು.

“ಮಾವ” ಎಂದು ಕರೆದೆ. ಸ್ವರ ಸರಿಯಾಗಿ ಬರಲಿಲ್ಲ. ಮಾವ ನೋಡಿದವರೇ ಗೊನೆ ಬಿಸಾಕಿ, “ಅಲ್ಲಾಡ್ಬೇಡ ಕಣೋ ತಮ್ಮಾ” ಎಂದು ಓಡಿ ಬಂದರು. ಇಬ್ಬರೂ ಹಿಡಿದು ಹಳಿಯ ವಿರುದ್ಧ ದಿಕ್ಕಿಗೆ ನಿಧಾನಕ್ಕೆ ಮಲಗಿಸಿದೆವು. ಗೇಟ್‌ಮ್ಯಾನ್ ಬಂದು ಇಬ್ಬರಿಗೂ ಚೆನ್ನಾಗಿ ಬೈದರು. ಆ ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ, ಎರಡು ಮೀಟರ್ ದೂರ ಇರಬೇಕು ಅಂದರು. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದಂತೆ. ಅದು ಕಬ್ಬಿಣ ಅಲ್ಲವಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಮಾವ ಏನೂ ಮಾತಾಡಲಿಲ್ಲ. ದೋಟಿಯನ್ನು ಪೂರ್ತಿ ಮಡಿಸಿ, ಅಡ್ಡ ಹಿಡಿದು ದಾಟಿಸಿದರು. ಆ ದಿನ ಆ ಕಡೆಯ ಕೊಯ್ಲು ಅರ್ಧಕ್ಕೇ ನಿಂತಿತು.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಫೈಲಿನಲ್ಲಿ ಇನ್ನೂ ಮೂರು ಮೀಟರ್ ಅಂತಲೇ ಇದೆ, ಈಗಲೇ ಸರಿ ಮಾಡ್ತೀನಿ ಅಂದ.

ಬೇಸಿಗೆ ರಜಕ್ಕೆ ಮತ್ತೆ ಕಡೂರಿಗೆ ಹೋಗಿ, 1500 ವೋಲ್ಟಿನ ಒಂದು ದಾರಿ ಹುಡುಕಿ ಓಡಿಸಬೇಕು ಎಂದುಕೊಂಡಿದ್ದೇನೆ. ತೋಟಕ್ಕೆ ನೀರು ಬಿಡೋರು ಯಾರು ಅಂತ ಅಪ್ಪ ಈಗಲೇ ಕೇಳುತ್ತಿದ್ದಾರೆ. ದೋಟಿಯ ವಿಷಯ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದ ಮೇಷ್ಟ್ರು, ಮಿಸ್ಸು ಯಾರೂ ದಯವಿಟ್ಟು ಮನೆಯಲ್ಲಿ ಹೇಳಬೇಡಿ.