ಮೂಕಿ ಏಳದ ಹಾಗೆ

ನಿವೃತ್ತರಾದ ಗಂಡಸರು ಊರಲ್ಲಿದ್ದರೆ ದೇವಸ್ಥಾನದ ಜಗಲಿಗೆ ಹೋಗಿ ಕೂರುತ್ತಾರೆ. ಹ್ಯೂಸ್ಟನ್ನಿನಲ್ಲಿ ಜಗಲಿ ಎಲ್ಲಿಂದ ಬರಬೇಕು? ನಮ್ಮವರು ಮನೆಯನ್ನೇ ಗಾಲಿಗಳ ಮೇಲೆ ಕೂರಿಸಿಕೊಂಡು ಊರೂರು ಸುತ್ತಲು ಹೊರಟರು. ಇಲ್ಲಿಯವರು ಇದಕ್ಕೆ ಫಿಫ್ತ್ ವೀಲ್ ಅನ್ನುತ್ತಾರೆ. ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಸಾದಾ ಟ್ರೈಲರ್ ಅಲ್ಲ ಇದು. ಇದರ ಮೂತಿ ಪಿಕಪ್ ಟ್ರಕ್ಕಿನ ಬೆನ್ನ ಮೇಲಕ್ಕೆ ಚಾಚಿಕೊಂಡಿರುತ್ತದೆ. ಮೂತಿಯಡಿ ಎರಡು ಇಂಚು ದಪ್ಪದ ಉಕ್ಕಿನ ಗೂಟ. ಟ್ರಕ್ಕಿನ ಹಿಂದಿನ ಅಚ್ಚಿನ ನೇರಕ್ಕೆ ಕೂರಿಸಿದ ತಟ್ಟೆಯ ದವಡೆ ಆ ಗೂಟವನ್ನು ಕಚ್ಚಿ ಹಿಡಿಯುತ್ತದೆ. ಒಳಗೆ ಮಂಚ, ಬಚ್ಚಲು, ಫ್ರಿಜ್ಜು, ಕಟ್ಟಕಡೆಗೆ ಹಿಂಬದಿಯಲ್ಲಿ ಸುತ್ತ ಕಿಟಕಿಗಳಿರುವ ಅಡುಗೆಮನೆ. ಆ ಅಡುಗೆಮನೆ ನೋಡಿಯೇ ನಾನು ಹೂಂ ಅಂದದ್ದು.

ಅದು ಕುಣಿಯುತ್ತದೆ ಅಂತ ಮಾರಿದವನು ಹೇಳಲಿಲ್ಲ. ಲೂಸಿಯಾನಾದಲ್ಲಿ ಐ-10 ಹೆದ್ದಾರಿ ಅಚಾಫಲಾಯ ಜೌಗನ್ನು ದಾಟುವುದು ಸುಮಾರು 29 ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ. ಕೆಳಗೆ ನಿಂತ ನೀರು, ನೀರೊಳಗೇ ಬೆಳೆದ ಸೈಪ್ರೆಸ್ ಮರಗಳು, ಬೆಳ್ಳಕ್ಕಿ. ನೋಡಲು ಬಿಟ್ಟರೆ ತಾನೆ? ಕಾಂಕ್ರೀಟಿನ ಒಂದೊಂದು ಸಂದಿಗೂ ಟ್ರಕ್ಕಿನ ಬೆನ್ನು ದಬಕ್ಕನೆ ಇಳಿದು ಏಳುತ್ತದೆ. ಅದು ಸುಧಾರಿಸಿಕೊಳ್ಳುವ ಮೊದಲೇ ಟ್ರೈಲರಿನ ಗಾಲಿಗಳು ಅದೇ ಸಂದಿಗೆ ಬೀಳುತ್ತವೆ. ಇಬ್ಬರ ಕತ್ತೂ ಮೇಲೆ ಕೆಳಗೆ. ಸೇತುವೆ ದಾಟಿ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದರೆ ಕಪಾಟು ತಾನೇ ಬಾಯಿ ತೆರೆದುಕೊಂಡಿದೆ, ಸಾಸಿವೆ ಡಬ್ಬಿ ಉರುಳಿ ನೆಲದ ಮೂಲೆಮೂಲೆಗೂ ಕಾಳು, ಅದರ ಮೇಲೆ ಒಂದು ಪದರ ಅರಿಸಿನ ಪುಡಿ. ಫಿಲ್ಟರಿನ ಮೇಲ್ಭಾಗ ಸಿಂಕಿನಲ್ಲಿ, ಕೆಳಭಾಗ ಒಲೆಯಡಿ.

ನಮ್ಮವರು ಎಂಜಿನಿಯರು. ಎಂಜಿನಿಯರಿಗೆ ತೊಂದರೆ ಕಂಡರೆ ಅದರ ಪಕ್ಕದಲ್ಲೇ ಅಂಗಡಿಯೂ ಕಾಣುತ್ತದೆ. ಅಂಥ ಅಂಗಡಿಯಲ್ಲಿ ಮಾರುವ, ಗೂಟ ಕಚ್ಚುವ ತಟ್ಟೆಯ ಮೂಲವಾದರೋ ಬಹಳ ಹಳೆಯದು. ಕುದುರೆ ಸಾರೋಟಿನ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಮಲಗಿಸುತ್ತಿದ್ದ ಕಬ್ಬಿಣದ ಬಳೆಯೇ ಈ ತಟ್ಟೆಯ ಅಜ್ಜ. 1914ರಲ್ಲಿ ಡೆಟ್ರಾಯಿಟಿನ ಒಬ್ಬ ಮರದ ವ್ಯಾಪಾರಿಗೆ ತನ್ನ ದೋಣಿ ಸಾಗಿಸಬೇಕಿತ್ತು. ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರ ಫೋರ್ಡ್ ಕಾರಿಗೆ ತಗಲಿಸುವಂಥ ಗಾಡಿ ಮಾಡಿಕೊಟ್ಟ. ಇಂದು ಹೆದ್ದಾರಿಯಲ್ಲಿ ಸಾಲುಗಟ್ಟಿ ಓಡುವ ಸೆಮಿ ಟ್ರೈಲರುಗಳು ಆ ಕುಲದವು.

ಆದರೆ ನನಗೆ ಇಷ್ಟವಾದವನು ಗ್ಲೆನ್ ಕರ್ಟಿಸ್. ವಿಮಾನದ ಮನುಷ್ಯ, 1909ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ವಿಮಾನಗಳ ಪಂದ್ಯ ಗೆದ್ದವನು. 1920ರ ದಶಕದ ಕೊನೆಗೆ ಅವನು ಫ್ಲಾರಿಡಾದಲ್ಲಿ ಏರೋಕಾರ್ ಎಂಬ ಟ್ರೈಲರ್ ಮಾಡಿಸಿದ. ವಿಮಾನದ ಒಡಲಿನಂತೆ ಹಗುರ ಮರದ ಚೌಕಟ್ಟು, ಬಿಗಿಯಲು ತಂತಿ. ಅದನ್ನು ಎಳೆಯುವ ಕಾರಿನ ಹಿಂಭಾಗದಲ್ಲಿ ಅವನು ಮಲಗಿಸಿದ್ದು ಗಾಳಿ ತುಂಬಿದ ಒಂದು ಟೈರನ್ನು! ಟ್ರೈಲರಿನ ಗೂಟ ಹೋಗಿ ಕೂರುವುದು ಆ ಟೈರಿನ ನಡುವೆ. ರಸ್ತೆಯ ಗುದ್ದು ಕಾರಿನಿಂದ ಟ್ರೈಲರಿಗೆ ಹೋಗಬೇಕಾದರೂ ಅಲ್ಲಿಂದ ಇಲ್ಲಿಗೆ ಬರಬೇಕಾದರೂ ಗಾಳಿಯನ್ನು ದಾಟಿಯೇ ಬರಬೇಕು. ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣವಿತ್ತು. ಏರೋಕಾರಿನಲ್ಲಿ ಜನ ಒಳಗೆ ಕೂತೇ ಪ್ರಯಾಣ ಮಾಡುತ್ತಿದ್ದರು. ಸಾಹುಕಾರರು ಹಿಂದೆ ಸೋಫಾದಲ್ಲಿ, ಚಾಲಕ ಮುಂದೆ ಕಾರಿನಲ್ಲಿ.

ಈಗ ಅನೇಕ ರಾಜ್ಯಗಳಲ್ಲಿ ಟ್ರೈಲರ್ ಓಡುವಾಗ ಒಳಗೆ ಯಾರೂ ಕೂರುವಂತಿಲ್ಲ. ಕೂತವರಿಲ್ಲದ ಮೇಲೆ ಕುಲುಕಾಟದ ದೂರು ಹೇಳುವವರು ಯಾರು? ಲಕ್ಷ ಡಾಲರ್ ಹತ್ತಿರದ ಟ್ರೈಲರುಗಳಿಗೂ ಎಷ್ಟೋ ಸಲ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಮನೆಯಿಡೀ ನಿಂತಿರುವುದು ಪಟ್ಟಿ ಸ್ಪ್ರಿಂಗುಗಳ ಮೇಲೆ. ಇಂಗ್ಲೆಂಡಿನ ಒಬಡೈಯ ಎಲಿಯಟ್ 1804ರಲ್ಲಿ ಕುದುರೆ ಗಾಡಿಗೆಂದು ಪೇಟೆಂಟ್ ಪಡೆದ ಸ್ಪ್ರಿಂಗಿನ ವಂಶವೇ. ಸ್ಪ್ರಿಂಗು ಗುದ್ದನ್ನು ನುಂಗುತ್ತದೆ ನಿಜ, ನುಂಗಿದ್ದನ್ನು ಹಿಂದಕ್ಕೂ ಕೊಡುತ್ತದೆ. ಆ ಕೊಡುವಿಕೆಗೆ ಕಡಿವಾಣ ಹಾಕುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದಿಲ್ಲದಿದ್ದರೆ ಒಂದು ಗುಂಡಿಗೆ ಮೂರು ಸಲ ಕುಣಿತ. ಸಾಸಿವೆ ಡಬ್ಬಿಗೂ ಜೀವವಿದೆ ಅಂತ ತಯಾರಕರು ತಿಳಿಯಬೇಕು.

ನಮ್ಮವರು ಸಾಮಾನಿನ ಪಟ್ಟಿ ಬರೆಯುತ್ತಾ ಕೂತಿದ್ದಾಗ ನಾನಂದೆ: "ರೀ, ಹಿಂದುಗಡೆ ಭಾರ ಜಾಸ್ತಿಯಾಗಿದೆ. ಮೂಕಿ ಏಳ್ತಾ ಇದೆ."

"ಇದಕ್ಕೆ ಎಲ್ಲಿಯ ಮೂಕಿಯೇ?" ಅಂದರು.

ನಮ್ಮಪ್ಪ ಮಂಡ್ಯದ ಮೈಷುಗರ್ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದವರು. 1933ರಲ್ಲಿ ಶುರುವಾದ ಕಾರ್ಖಾನೆ. ಸುಗ್ಗಿಯಲ್ಲಿ ಅದರ ಗೇಟಿನಾಚೆ ಗಾಡಿಗಳ ಸಾಲೇ ಸಾಲು. ನಮ್ಮದು ಟೈರ್ ಗಾಡಿ, ಸ್ಪ್ರಿಂಗೂ ಇಲ್ಲ ಏನೂ ಇಲ್ಲ. ಜಲ್ಲೆ ಪೇರಿಸಿ ಹಗ್ಗ ಬಿಗಿದ ಮೇಲೆ ಅಪ್ಪ ಎತ್ತು ಹೂಡುವ ಮೊದಲು ನೊಗ ಕಟ್ಟುವ ಮೂಕಿಯ ತುದಿಯನ್ನು ಭುಜಕ್ಕೆ ಕೊಟ್ಟು ನೋಡುತ್ತಿದ್ದರು. ಭುಜ ಕುಗ್ಗಿದರೆ ಮುಂಭಾರ, ಎತ್ತಿನ ಹೆಗಲು ಹುಣ್ಣಾಗುತ್ತದೆ. ಮೂಕಿ ತಾನೇ ಮೇಲೇಳಲು ನೋಡಿದರೆ ಹಿಂಭಾರ. ನೊಗ ಎದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ, ಗಾಡಿ ಹಳ್ಳಹಳ್ಳಕ್ಕೂ ಜಗ್ಗಾಡುತ್ತದೆ. ಎರಡು ಹೊರೆ ಹಿಂದಿನಿಂದ ಬಿಚ್ಚಿ ಮುಂದೆ ಹಾಕುವರು, ಮತ್ತೆ ಭುಜ ಕೊಡುವರು.

ಇಲ್ಲಿ ಭುಜ ಕೊಡಲಾಗದು, ತೂಕ ಹಾಕಿಸಬೇಕು. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ವೇ ಬ್ರಿಡ್ಜ್ ಇರುತ್ತದೆ. ಟ್ರಕ್ಕಿನ ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೈಲರಿನ ಗಾಲಿ, ಮೂರಕ್ಕೂ ಬೇರೆ ಬೇರೆ ಹಲಗೆ, ಕೈಗೆ ಅಚ್ಚಾದ ಚೀಟಿ. ಟ್ರೈಲರ್ ಸಮೇತ ಒಮ್ಮೆ, ಬರೀ ಟ್ರಕ್ ಒಮ್ಮೆ. ಎರಡೂ ಚೀಟಿಗಳಲ್ಲಿ ಟ್ರಕ್ಕಿನ ತೂಕಕ್ಕಿರುವ ವ್ಯತ್ಯಾಸವೇ ಗೂಟದ ಮೇಲಿನ ಭಾರ. ಅದು ಟ್ರೈಲರಿನ ಒಟ್ಟು ತೂಕದ ಶೇ. 15ರಿಂದ 25ರ ನಡುವೆ ಇರಬೇಕು, 20ರ ಆಸುಪಾಸಿನಲ್ಲಿದ್ದರೆ ಲೇಸು. ನಮ್ಮದು 15ನ್ನೂ ಮುಟ್ಟಿರಲಿಲ್ಲ. ಹೇಗೆ ಮುಟ್ಟೀತು? ಹಿಂಬದಿಯ ಅಡುಗೆಮನೆಯಲ್ಲಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲಗಳು, ವೆಟ್ ಗ್ರೈಂಡರು, ಅದರ ಕಲ್ಲು, ಕೆಳಗಿನ ಟ್ಯಾಂಕಿನಲ್ಲಿ ಪಾತ್ರೆ ತೊಳೆದ ನೀರು. ಒಂದು ಗ್ಯಾಲನ್ ನೀರೆಂದರೆ ಸುಮಾರು 3.8 ಕಿಲೋ, ಟ್ಯಾಂಕೆಂದರೆ ಹತ್ತಾರು ಗ್ಯಾಲನ್. ಭಾರ ಹೊರಲೆಂದೇ ಗಟ್ಟಿ ಸ್ಪ್ರಿಂಗ್ ಹಾಕಿದ ಟ್ರಕ್ಕಿನ ಬೆನ್ನ ಮೇಲೆ ಭಾರವೇ ಇಲ್ಲದಿದ್ದರೆ ಅದೂ ಜೊತೆಗೆ ಕುಣಿಯುತ್ತದೆ.

ಅಕ್ಕಿ, ಗ್ರೈಂಡರು, ನಮ್ಮವರ ಸ್ಪ್ಯಾನರ್ ಪೆಟ್ಟಿಗೆ ಎಲ್ಲ ಮೂತಿಯ ಕೆಳಗಿನ ಗೂಡಿಗೆ ಹೋದವು. ಹೊರಡುವ ಮೊದಲೇ ಕೊಳೆನೀರು ಖಾಲಿ ಮಾಡುವ ಪದ್ಧತಿ ಬಂತು. ತಲೆದೂಗುವ ಕುಣಿತ ಮುಕ್ಕಾಲು ಪಾಲು ನಿಂತಿತು.

ನಿಲ್ಲದ್ದು ಹಿಂದುಮುಂದಿನ ಜಗ್ಗಾಟ. ಬ್ರೇಕ್ ಒತ್ತಿದರೆ ಹಿಂದಿನಿಂದ ಗುದ್ದು, ಆಕ್ಸಿಲರೇಟರ್ ಒತ್ತಿದರೆ ಜಗ್ಗು. ಇದಕ್ಕೆ ಅಕ್ಕಿಚೀಲ ಕಾರಣವಲ್ಲ, ಸಡಿಲ ಕಾರಣ. ದವಡೆಗೂ ಗೂಟಕ್ಕೂ ನಡುವೆ ಸ್ವಲ್ಪ ಸಂದು ಬಿದ್ದಿತ್ತು, ಬಿಗಿಮಾಡಿದರು. ಟ್ರೈಲರಿಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಉಂಟು. ಟ್ರಕ್ಕಿನ ಒಳಗಿನ ಕಂಟ್ರೋಲರ್ ಅದನ್ನು ಮೆಲ್ಲಗೆ ಹಿಡಿಯುತ್ತಿದ್ದುದರಿಂದ ಟ್ರಕ್ ನಿಂತರೂ ಮನೆ ನಿಲ್ಲುತ್ತಿರಲಿಲ್ಲ. ಅದನ್ನೂ ಏರಿಸಿದರು. ಸ್ಪ್ರಿಂಗಿನ ಬೋಲ್ಟು ಬಿಚ್ಚಿದಾಗ ಒಳಗಿನ ನೈಲಾನ್ ಬುಷ್ ಒಂದು ಬದಿ ಪೂರಾ ಸವೆದು, ಕಬ್ಬಿಣಕ್ಕೆ ಕಬ್ಬಿಣವೇ ಉಜ್ಜುತ್ತಿತ್ತು, ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಗ್ರೀಸ್ ಹೊಡೆಯಲು ಬರುವ ಕಂಚಿನ ಬುಷ್ ಹಾಕಿಸಿದ್ದಾಯಿತು. ಶಾಕ್ ಅಬ್ಸಾರ್ಬರುಗಳೂ ಬಂದವು.

ಕಡೆಗೆ, ಎಂಜಿನಿಯರ ಮನಸ್ಸು ನೋಯಬಾರದು ನೋಡಿ, ಗಾಳಿಚೀಲವಿರುವ ಪಿನ್ ಬಾಕ್ಸೂ ಬಂತು. ಗೂಟ ಮತ್ತು ಟ್ರೈಲರಿನ ನಡುವೆ ಕೂರುವ ಪೆಟ್ಟಿಗೆ ಅದು, ಭಾರಕ್ಕೆ ತಕ್ಕ ಹಾಗೆ ಗಾಳಿ ಹೊಡೆದುಕೊಳ್ಳಬೇಕು. ಕರ್ಟಿಸ್ ಮಹಾಶಯ ನೂರು ವರ್ಷದ ಹಿಂದೆ ಗಾಡಿಯ ಜೊತೆಯಲ್ಲೇ ಕೊಟ್ಟದ್ದನ್ನು ಈಗ ಬೇರೆ ದುಡ್ಡು ತೆತ್ತು ಕೊಳ್ಳಬೇಕಾಗಿದೆ. ಕೊಂಡದ್ದು ವ್ಯರ್ಥವಾಗಲಿಲ್ಲ ಅನ್ನಲೇಬೇಕು.

ರಸ್ತೆಗೆ ಮಾತ್ರ ಔಷಧಿ ಇಲ್ಲ. ಸಂದಿಗಳ ತಾಳವೂ ಟ್ರೈಲರಿನ ತೂಗಾಟದ ತಾಳವೂ ಕೂಡಿಬಂದರೆ ಏನು ಹಾಕಿಸಿದ್ದರೂ ಕುಣಿಯುತ್ತದೆ. ಗಂಟೆಗೆ ಐದಾರು ಮೈಲಿ ವೇಗ ಇಳಿಸಿದರೆ ತಾಳ ತಪ್ಪಿ ಸುಮ್ಮನಾಗುತ್ತದೆ. ಹೇಗೂ ಟ್ರೈಲರ್ ಟೈರುಗಳಲ್ಲಿ ಹಲವಕ್ಕೆ 65 ಮೈಲಿಯೇ ಮಿತಿ.

ಅಮೆರಿಕದಲ್ಲಿ ನಿವೃತ್ತರಾಗಿ ಇಂಥದ್ದೊಂದನ್ನು ಕೊಂಡ ಕನ್ನಡಿಗರಿಗೆ ನನ್ನದೊಂದು ಮಾತು. ಕುಣಿತ ನಿಲ್ಲಿಸುವ ಸಾಮಾನಿಗೆ ದುಡ್ಡು ಕೊಡುವ ಮೊದಲು ವೇ ಬ್ರಿಡ್ಜಿಗೆ ಹೋಗಿ. ಗೂಟದ ಭಾರ ಕಡಿಮೆಯಿದ್ದರೆ ಅಕ್ಕಿಚೀಲ ಮುಂದಕ್ಕೆ ಹಾಕಿ. ಹಾಗಂತ ಎಲ್ಲವನ್ನೂ ಮುಂದೆಯೇ ತುಂಬಬೇಡಿ. ನಿಮ್ಮ ಟ್ರಕ್ ಎಷ್ಟು ಹೊರಬಲ್ಲದು ಅಂತ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ, ಅದನ್ನು ಓದಿಯೇ ಹೊರಡಿ.