ಎರಡು ನಿಮಿಷದಲ್ಲಿ ನಾನು

ಸಭೆಯಲ್ಲಿ ಇತರರ ಪರಿಚಯ ಮಾಡಿಕೊಡುವುದು ಅಂತಹ ಕಷ್ಟದ ಕೆಲಸವೇನಲ್ಲ. 'ಇವರನ್ನು ಪರಿಚಯಿಸುವ ಅಗತ್ಯವೇ ಇಲ್ಲ' ಎಂದು ಆರಂಭಿಸಿ ಅರ್ಧ ಗಂಟೆ ಪರಿಚಯಿಸುವ ಮಹನೀಯರನ್ನು ನಮ್ಮ ಕಾಲೇಜಿನ ಸಭಾಂಗಣ ಬೇಕಾದಷ್ಟು ಕಂಡಿದೆ. ತನ್ನ ಪರಿಚಯವನ್ನು ತಾನೇ ಮಾಡಿಕೊಳ್ಳಬೇಕಾದಾಗ ಮಾತ್ರ ನಾಲಗೆ ತೊಡರುತ್ತದೆ. ಅದೂ ಎದುರಿಗೆ ಮೂವರು ಕುಳಿತು 'ನಿಮ್ಮ ವಿಷಯ ಸ್ವಲ್ಪ ಹೇಳಿ' ಎಂದರೆ! ಆ 'ಸ್ವಲ್ಪ'ದ ಅಳತೆ ಎರಡು ನಿಮಿಷವೆಂದು ನಮ್ಮ ಅಧ್ಯಾಪಕರು ಅಪ್ಪಣೆ ಕೊಡಿಸಿದ್ದಾರೆ.

ಕೇಂದ್ರ ಸರಕಾರವೇನೋ 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ನಾನು ಅರ್ಜಿ ಹಾಕಿರುವುದು ಒಂದು ಸಹಕಾರಿ ಸಂಘದ ಗುಮಾಸ್ತೆ ಕೆಲಸಕ್ಕೆ. ಅಲ್ಲಿ ಆ ರಿಯಾಯಿತಿ ಇಲ್ಲ.

ಹೆಸರು, ಊರು, ಬಿ.ಎ.ಯಲ್ಲಿ ಓದಿದ ವಿಷಯಗಳು, ಹವ್ಯಾಸ - ಇಷ್ಟನ್ನು ಬರೆದು, ಗಡಿಯಾರ ನೋಡಿಕೊಂಡು ಓದಿದೆ. 35 ಸೆಕೆಂಡಿನಲ್ಲಿ ನಾನು ಮುಗಿದುಹೋದೆ! ಇಪ್ಪತ್ತೊಂದು ವರ್ಷದ ಬದುಕಿನಿಂದ ಇನ್ನೂ 85 ಸೆಕೆಂಡು ಹುಟ್ಟಬೇಕು. ಗೆಳೆಯನೊಬ್ಬ ತನ್ನ ಮೊಬೈಲಿನಲ್ಲಿದ್ದ ಮಾದರಿಯನ್ನು ತೋರಿಸಿದ. 'ಕಠಿಣ ಪರಿಶ್ರಮಿ, ಹೊಂದಿಕೊಳ್ಳುವ ಸ್ವಭಾವ, ಕಲಿಯುವ ಹಂಬಲ.' ಅದೇ ಕೆಲಸಕ್ಕೆ ನಮ್ಮ ತರಗತಿಯಿಂದ ಐವರು ಹೋಗುವವರಿದ್ದೇವೆ. ಐವರೂ ಇದನ್ನೇ ಒಪ್ಪಿಸಿದರೆ ಆ ಮೂವರ ಗತಿಯೇನು?

ದೊಡ್ಡವರು ಹೇಗೆ ಹೇಳಿಕೊಂಡಿದ್ದಾರೆಂದು ನೋಡಹೊರಟೆ. ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜನಿಗೆ ಕೆಲಸ ಕೇಳಿ ಬರೆದ ಪತ್ರದ ತುಂಬ ಸೇತುವೆ, ಫಿರಂಗಿ, ಯುದ್ಧರಥಗಳದೇ ವರ್ಣನೆ. ಚಿತ್ರ ಬರೆಯಬಲ್ಲೆನೆಂಬ ಮಾತು ಬರುವುದು ಕೊನೆಯಲ್ಲಿ. ಪ್ರಭುವಿಗೆ ಬೇಕಾದುದೇನೆಂದು ಪುಣ್ಯಾತ್ಮ ಬಲ್ಲ! ನಮ್ಮ ರನ್ನನ ರೀತಿಯೇ ಬೇರೆ. 993ರ 'ಅಜಿತಪುರಾಣ'ದಲ್ಲಿ ಅವನು ತಾನು ಮುದುವೊಳಲಿನ ಬಳೆಗಾರರ ಕುಲದವನು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂದು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾನೆ.

ಇದನ್ನು ನೆನೆದ ಮೇಲೆ ನನ್ನ ಕಾಗದಕ್ಕೆ ಒಂದು ವಾಕ್ಯ ಸೇರಿತು: 'ನನ್ನ ತಾಯಿ ಬೀಡಿ ಕಟ್ಟುತ್ತಾರೆ, ಏಳನೆಯ ತರಗತಿಯಿಂದ ಅವರ ಲೆಕ್ಕ ಬರೆಯುತ್ತಿರುವವನು ನಾನು.' ಇದು ಕರುಣೆ ಹುಟ್ಟಿಸಲು ಬರೆದುದಲ್ಲ. ಬೀಡಿಯ ಲೆಕ್ಕ ಸುಲಭದ್ದೆಂದು ಭಾವಿಸಬೇಡಿ. ಎಲೆ, ಹೊಗೆಸೊಪ್ಪಿನ ಪುಡಿಗಳನ್ನು ಬ್ರಾಂಚಿನಲ್ಲಿ ತೂಗಿ ಕೊಡುತ್ತಾರೆ. ಆ ತೂಕಕ್ಕೆ ತಕ್ಕಷ್ಟು ಬೀಡಿಗಳನ್ನು 25ರ ಕಟ್ಟುಗಳಾಗಿ ಮರಳಿಸಬೇಕು. ಹರಕು ಎಲೆ ಹೆಚ್ಚಾಗಿದ್ದರೆ ಬೀಡಿ ಕಡಿಮೆ. ಬೀಡಿ ಕಡಿಮೆಯಾದರೆ ಕೂಲಿಯಲ್ಲಿ ಕಡಿತ. ಕೊಟ್ಟದ್ದು, ಮರಳಿಸಿದ್ದು, ತಿರಸ್ಕೃತವಾದದ್ದು, ಕಡಿತವಾದದ್ದು ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ಎರಡು ಸಲ ಕಡಿತದ ತಪ್ಪನ್ನು ತೋರಿಸಿ ಹಣ ಹಿಂದಕ್ಕೆ ತಂದದ್ದೂ ಉಂಟು. ಗುಮಾಸ್ತೆ ಕೆಲಸಕ್ಕೆ ನನ್ನಲ್ಲಿರುವ ಅರ್ಹತೆಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ, ಪದವಿಯೂ ಅಲ್ಲ.

ರಾತ್ರಿ ಅಮ್ಮನೆದುರು ಓದಿದೆ. ಮಡಿಲ ಮೊರದಲ್ಲಿ ಅವಳ ಕೈ ಓಡುತ್ತಲೇ ಇತ್ತು. ಆ ವಾಕ್ಯಕ್ಕೆ ಮಾತ್ರ ನಿಂತಿತು.

"ಅದನ್ನು ತೆಗೆ. ಅಲ್ಲಿ ಕೂತಿರುವವರು ಈ ಊರಿನವರೇ. ನಾನು ಬೀಡಿ ಕಟ್ಟಿದ್ದು ನೀನು ಅದನ್ನು ಹೇಳಿಕೊಂಡು ತಿರುಗಲಿ ಎಂದಲ್ಲ."

ನಾನು ರನ್ನನ ಕಥೆ ಹೇಳಿದೆ. ಪೂರ್ತಿ ಕೇಳಿ, "ಹಾಗೆ ಬರೆಯುವಾಗ ಆ ಕವಿಗೆ ಯಾರಾದರೂ ಆಶ್ರಯ ಕೊಟ್ಟಾಗಿತ್ತಾ?" ಎಂದಳು.

ಆಗಿತ್ತು. ಆ ಕಾವ್ಯವನ್ನು ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಕನ್ನಡ ಐಚ್ಛಿಕ ಓದಿದ ಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಈ ಬರಹ ಸಂಪಾದಕರ ಕೈಸೇರುವ ಇಂದಿಗೆ ಸಂದರ್ಶನಕ್ಕೆ ನಾಲ್ಕು ದಿನ ಉಳಿದಿವೆ. ಆ ವಾಕ್ಯಕ್ಕೆ ಪೆನ್ಸಿಲಿನಿಂದ ಕಂಸ ಹಾಕಿಟ್ಟಿದ್ದೇನೆ. ಅದನ್ನು ಬಿಟ್ಟು ಓದಿದರೆ ಒಂದು ನಿಮಿಷ ಐವತ್ತು ಸೆಕೆಂಡು; ಸೇರಿಸಿ ಓದಿದರೆ ಸರಿಯಾಗಿ ಎರಡು ನಿಮಿಷ.